ಗಾಜಿನಾಚೆ ಹೆಬ್ಬಾವು, ಗಾಜಿನೀಚೆ ನಾವು

ಗಾಜಿನ ಆಚೆ ಮಲಗಿರುವ ಹಾವಿನ ಫೋಟೋ ತೆಗೆಯುವುದಕ್ಕಿಂತ ಸುಲಭವಾದ ಕೆಲಸ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ನೀವೇ ಯೋಚಿಸಿ. ಹಕ್ಕಿ ಹಾರಿಹೋಗುತ್ತದೆ. ಚಿಟ್ಟೆ ಒಂದು ಕಡೆ ಕೂರುವುದಿಲ್ಲ. ಮದುವೆಮನೆಯ ನೆಂಟರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ. ಹಾವಿಗೆ ಇಂಥ ಯಾವ ದುರಭ್ಯಾಸವೂ ಇಲ್ಲ. ಊಟವಾದ ಮೇಲೆ ವಾರಗಟ್ಟಲೆ ಬಿದ್ದಲ್ಲೇ ಬಿದ್ದಿರುತ್ತದೆ. ರೆಪ್ಪೆಯೇ ಇಲ್ಲದ್ದರಿಂದ ಕಣ್ಣು ಮುಚ್ಚುವ ಪ್ರಶ್ನೆಯೇ ಇಲ್ಲ! ಮಧ್ಯದಲ್ಲಿ ಗಾಜು ಬೇರೆ ಇರುವುದರಿಂದ ಪ್ರಾಣಕ್ಕೂ ಅಪಾಯವಿಲ್ಲ.

ಪ್ರಾಣಕ್ಕೆ ಅಪಾಯವಾಗಲಿಲ್ಲ, ನಿಜ. ಮಾನದ ವಿಷಯ ಆಗ ನನಗೆ ಹೊಳೆದಿರಲಿಲ್ಲ.

ನಾನು ಮೈಸೂರಿನವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತಮೂರು ವರ್ಷವಾಯಿತು. ನವಿಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಪಕ್ಕದ ಟೇಬಲ್ಲಿನವಳು ಪುಣೆಗೆ ವರ್ಗವಾಗಿ ಹೋಗುವಾಗ ತನ್ನ ಹಳೆಯ ಕ್ಯಾಮೆರಾವನ್ನು ನನಗೆ ದಾಟಿಸಿದಳು. ಆ ಕ್ಷಣದಿಂದ ನಾನು ಛಾಯಾಗ್ರಾಹಕಿ. ಕುಕ್ಕರಿನ ಹಬೆ, ಬಾಲ್ಕನಿಯ ದಾಸವಾಳ, ಒಗೆದು ಹಾಕಿದ ಲುಂಗಿಯ ನೆರಳು, ಯಾವುದನ್ನೂ ನಾನು ಬಿಟ್ಟಿರಲಿಲ್ಲ. ನಮ್ಮ ಬಿಲ್ಡಿಂಗಿನ ಬೆಕ್ಕು ನನ್ನನ್ನು ಕಂಡರೆ ದಾರಿ ಬದಲಿಸುತ್ತಿತ್ತು.

ಹೀಗಿರುವಾಗ ಏಪ್ರಿಲ್ ಕೊನೆಯಲ್ಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಕುಲಕರ್ಣಿಯವರ ಫೋನ್ ಬಂತು. ಅವರು ಧಾರವಾಡದ ಕಡೆಯವರು. ಸದಸ್ಯರು ತೆಗೆದ ಫೋಟೋಗಳ ಪ್ರದರ್ಶನವನ್ನು ಪ್ರತಿವರ್ಷ ಅವರೇ ಮುಂದೆ ನಿಂತು ನಡೆಸುತ್ತಾರೆ.

“ಮೇಡಂ, ಈ ಸಲದ ವಿಷಯ ವನ್ಯಜೀವಿ ಅಂತ ಇಟ್ಟೇವ್ರಿ. ಆದ್ರ ಕೈ ಮುಗೀತೀನಿ, ಫ್ಲೆಮಿಂಗೋ ಹಕ್ಕಿ ಒಂದು ಬ್ಯಾಡ. ಹೋದ ವರ್ಷ ಎಲ್ಲಾರೂ ಸಮುದ್ರದ ಖಾಡಿಗೆ ಹೋಗಿ ಅದನ್ನ ಹೊಡಕೊಂಡು ಬಂದಿದ್ರು. ಹಾಲ್‌ನ್ಯಾಗ ಎಲ್ಲಿ ನೋಡಿದ್ರೂ ಗುಲಾಬಿ ಕಾಲು! ಜನಾ ಬ್ಯಾಸತ್ತು ಹೋದ್ರು.”

“ಹಾವು ಕೊಡ್ತೀನಿ ಸಾರ್,” ಎಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ಬಾಯಿಗೆ ಬಂತು.

“ಹಾವು? ಖರೇನ ಹಾವೇನ್ರಿ?”

“ನಿಜವಾದ ಹಾವೇ ಸಾರ್.”

“ಅಂದ್ರ ಕಾಡಿಗೆ ಹೋಗವ್ರೇನು ನೀವು?”

‘ಇಲ್ಲ ಸಾರ್, ಟಿಕೆಟ್ ತಗೊಂಡು ಮೃಗಾಲಯಕ್ಕೆ’ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಸುಮ್ಮನೆ ನಕ್ಕೆ. ಫೋನಿನಲ್ಲಿ ನಗುವುದು ಸುಳ್ಳಲ್ಲ. ಆದರೆ ಸುಳ್ಳಿನ ಹತ್ತಿರದ ದಾಯಾದಿ.

“ಭಲೇ ಮೇಡಂ! ಹಂಗಿದ್ರ ನಿಮ್ಮ ಫೋಟೋನ ಬಾಗಲದಾಗ ಹಾಕೂಣು. ದೊಡ್ಡದು ಮಾಡಸ್ತೀನಿ, ಆಳೆತ್ತರ!”

ಫೋನ್ ಇಟ್ಟೆ. ನಮ್ಮವರು, ಅಂದರೆ ನನ್ನ ಯಜಮಾನರಾದ ರಘುರಾಮ, ಪೇಪರು ಕೆಳಗಿಳಿಸಿದರು. ಅವರು ಉಡುಪಿಯ ಕಡೆಯವರು. ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಆರಡಿ ಎತ್ತರ, ಆರಡಿಗೆ ತಕ್ಕ ಹಸಿವು.

“ಎಂತ ಮಾರಾಯ್ತಿ, ಹಾವು ನೋಡ್ಲಿಕ್ಕೆ ಟಿಕೆಟ್ ತೆಗೆದು ಹೋಗುದಾ? ನಮ್ಮ ಊರಲ್ಲಿ ಬಚ್ಚಲುಮನೆಗೇ ಬರ್ತದೆ, ಫ್ರೀ!”

“ಬಚ್ಚಲಲ್ಲಿ ಬಂದ್ರೆ ನೀವು ಫೋಟೋ ತೆಗೀತೀರಾ? ಸ್ಟೂಲ್ ಹತ್ತಿ ಕಿರುಚ್ತೀರಾ.”

“ಅದೂ ಹೌದು,” ಎಂದು ಪೇಪರು ಮೇಲೆತ್ತಿದರು.

ಕಲೆಗೆ ಸಿದ್ಧತೆ ಬೇಕು. ಗಾಜಿನ ಮೂಲಕ ಫೋಟೋ ತೆಗೆಯುವುದು ಹೇಗೆ ಎಂಬ ವಿಡಿಯೋವನ್ನು ನಾಲ್ಕು ಸಲ ನೋಡಿ, ಅದರ ಸಾರವನ್ನು ಡೈರಿಯಲ್ಲಿ ಬರೆದುಕೊಂಡೆ. ಬಣ್ಣದ ಬಟ್ಟೆ ಗಾಜಿನಲ್ಲಿ ಪ್ರತಿಬಿಂಬಿಸುತ್ತದೆ, ಆದ್ದರಿಂದ ಕಪ್ಪು ಉಡಬೇಕು. ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಬೇಕು. ತಾಗಿಸಲು ಆಗದಿದ್ದರೆ ಬೆನ್ನ ಹಿಂದೆ ದೊಡ್ಡ ಕಪ್ಪು ಪರದೆ ಹಿಡಿಸಬೇಕು. ಗಾಜು ಸ್ವಚ್ಛವಾಗಿರಬೇಕು. ತಾಳ್ಮೆ ಇರಬೇಕು. ತಾಳ್ಮೆಯ ಮುಂದೆ ಸರಿ ಗುರುತು ಹಾಕಿದೆ. ಇಪ್ಪತ್ತಮೂರು ವರ್ಷ ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ಓಡಾಡಿದವಳಿಗೆ ತಾಳ್ಮೆಯ ಪಾಠವೇ?

ಕಪ್ಪು ಚೂಡಿದಾರ್ ನನ್ನಲ್ಲಿತ್ತು. ಪರದೆಯದೇ ಸಮಸ್ಯೆ. ಆಗ ಎದುರುಮನೆಯ ವಕೀಲ ಸಾವಂತರ ನೆನಪಾಯಿತು. ಕೋರ್ಟಿಗೆ ಬೇಸಿಗೆ ರಜೆ. ಅಂದಮೇಲೆ ಅವರ ಕಪ್ಪು ಗೌನಿಗೂ ರಜೆ. ಆ ಗೌನನ್ನು ನಮ್ಮವರಿಗೆ ತೊಡಿಸಿ, ಎರಡೂ ಕೈ ಅಗಲಿಸಿ ನಿಲ್ಲಿಸಿದರೆ? ಆರಡಿ ಎತ್ತರದ, ನಡೆದಾಡುವ, ಮಾತು ಕೇಳುವ ಪರದೆ! ನನ್ನ ಬುದ್ಧಿಗೆ ನಾನೇ ಬೆರಗಾದೆ.

ಸಾವಂತರು ಗೌನನ್ನು ಮಗುವಿನಂತೆ ಎತ್ತಿ ಕೊಟ್ಟರು. “ಜರಾ ಸಾಂಭಾಳೂನ್ ಹಂ, ವಹಿನಿ,” ಎಂದರು. ಜೋಪಾನ ಅತ್ತಿಗೆ, ಎಂದು. ಯಾಕೆಂದು ಅವರು ಕೇಳಲಿಲ್ಲ. ನಾಟಕಕ್ಕೆ ಎಂದುಕೊಂಡಿರಬೇಕು. ಒಂದು ರೀತಿಯಲ್ಲಿ ಸರಿಯೇ.

ಭಾನುವಾರ ಬೆಳಿಗ್ಗೆ ನಾನು ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟು ಹೊರಟಾಗ ಮಗಳು ಅನಘಾ ಎದ್ದು ಬಂದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಮಮ್ಮಿ, ಆಪ್ ದೋನೋ ಬ್ಯಾಂಕ್ ಲೂಟ್‌ನೇ ಜಾ ರಹೇ ಹೋ ಕ್ಯಾ?”

“ಕಲೆಗಾಗಿ ಹೋಗ್ತಿದ್ದೀವಿ ಕಣೇ.”

“ಬ್ಯಾಂಕ್ ಹೀ ಠೀಕ್ ಥಾ,” ಎಂದು ಒಳಗೆ ಹೋದಳು. ಬ್ಯಾಂಕ್ ದರೋಡೆಯೇ ವಾಸಿಯಿತ್ತು, ಎಂದು.

ಕಲ್ಯಾಣದವರೆಗೆ ಲೋಕಲ್. ಅಲ್ಲಿಂದ ಆಚೆಗೆ ರಿಕ್ಷಾ. ರಿಕ್ಷಾದವನೇ ಎರಡು ಕಡೆ ದಾರಿ ಕೇಳಿ ಮುಟ್ಟಿಸಿದಂಥ ಒಂದು ಸಣ್ಣ ಮೃಗಾಲಯ ಅದು. ಮೇ ತಿಂಗಳ ಬಿಸಿಲು. ಕಪ್ಪು ಬಟ್ಟೆ ಬಿಸಿಲನ್ನು ಹೀರುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಸುಳ್ಳಲ್ಲ ಎಂದು ಅಂದು ಪ್ರಯೋಗದಿಂದ ಸಿದ್ಧವಾಯಿತು. ಗೇಟಿನ ಕಾವಲುಗಾರ ನಮ್ಮ ಚೀಲ ಬಿಚ್ಚಿಸಿ ನೋಡಿದ. ಮೇಲೆಯೇ ಕಪ್ಪು ಗೌನು. ತಕ್ಷಣ ನೆಟ್ಟಗೆ ನಿಂತು ನಮ್ಮವರಿಗೆ ಒಂದು ಸಲಾಮು ಹೊಡೆದು, “ಜಾಯಿಯೇ ವಕೀಲ್ ಸಾಬ್,” ಎಂದ. ನಮ್ಮವರು ಗಂಭೀರವಾಗಿ ತಲೆ ಆಡಿಸಿದರು. ಕೇಸು ಅಲ್ಲಿಂದಲೇ ಕೆಡಲು ಶುರುವಾಯಿತು.

ಸರೀಸೃಪಗಳ ಮನೆ ಎಂದರೆ ಒಂದು ಉದ್ದನೆಯ ಮಬ್ಬು ಓಣಿ. ಎರಡೂ ಕಡೆ ಗಾಜಿನ ಕೋಣೆಗಳು. ಮೊದಲನೆಯದರಲ್ಲೇ ನಾಗರಹಾವು, ಹೆಡೆಯೆತ್ತಿ ಸಿದ್ಧವಾಗಿ ಕುಳಿತಿತ್ತು! ನಾನು ಮನಸ್ಸಿನಲ್ಲೇ ಸುಬ್ರಹ್ಮಣ್ಯನಿಗೆ ಕೈಮುಗಿದು, ಕ್ಯಾಮೆರಾ ಎತ್ತಿ, ಉಸಿರು ಬಿಗಿಹಿಡಿದು ಒತ್ತಿದೆ.

ಫಳಾರ್!

ಫ್ಲ್ಯಾಶ್ ಆರಿಸಿರಲಿಲ್ಲ. ಆ ಬೆಳಕನ್ನು ಗಾಜು ಒಂದು ಚೂರೂ ಇಟ್ಟುಕೊಳ್ಳದೆ ಪ್ರಾಮಾಣಿಕವಾಗಿ ನನಗೇ ಹಿಂದಿರುಗಿಸಿತು. ಕಣ್ಣು ಕಾಣುವಂತಾದ ಮೇಲೆ ಫೋಟೋ ನೋಡಿದೆ. ಹಾವಿಲ್ಲ. ಎದೆಯಲ್ಲಿ ಸೂರ್ಯನನ್ನು ಇಟ್ಟುಕೊಂಡ, ಎರಡು ಗದ್ದಗಳುಳ್ಳ ಒಂದು ಕಪ್ಪು ಹೆಂಗಸು.

“ತಾಈ! ಫ್ಲ್ಯಾಶ್ ನಾಹೀ!” ಅಕ್ಕಾ, ಫ್ಲ್ಯಾಶ್ ಬೇಡ, ಎಂದು ಖಾಕಿ ಅಂಗಿಯ ನಡುವಯಸ್ಸಿನ ಒಬ್ಬರು ಓಡಿ ಬಂದರು. ಹಾವುಗಳನ್ನು ನೋಡಿಕೊಳ್ಳುವವರು. ಅಲ್ಲಿಯವರೆಲ್ಲ ಅವರನ್ನು ‘ಮಾಮಾ’ ಎನ್ನುತ್ತಿದ್ದರು. ಅವರು ನನ್ನ ತಲೆಯ ಮೇಲೆಯೇ ಇದ್ದ ದೊಡ್ಡ ಬೋರ್ಡನ್ನು ತೋರಿಸಿದರು. ಮೂರು ಭಾಷೆಗಳಲ್ಲಿ ಬರೆದಿತ್ತು. ಮೂರೂ ನನಗೆ ಓದಲು ಬರುವ ಭಾಷೆಗಳೇ.

ಕ್ಷಮೆ ಕೇಳಿ, ಫ್ಲ್ಯಾಶ್ ಆರಿಸಿ, ಉಡದ ಕೋಣೆಗೆ ಹೋದೆ. ಲೆನ್ಸನ್ನು ಗಾಜಿಗೆ ಆನಿಸಿದೆ. ಕ್ಯಾಮೆರಾ ಗುರಿ ಹುಡುಕುತ್ತ ಗುರ್ರ್ ಗುರ್ರ್ ಎಂದು ಕೊನೆಗೆ ಟಿಂಕ್ ಎಂದಿತು. ಹತ್ತು ಫೋಟೋ ತೆಗೆದೆ. ಹತ್ತರಲ್ಲೂ ಉಡ ಮಸುಕು. ಗಾಜಿನ ಮೇಲೆ ಯಾರೋ ಒತ್ತಿದ್ದ ಐದು ಬೆರಳುಗಳ ಗುರುತು ಮಾತ್ರ ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟ! ಆಧಾರ್ ಕೇಂದ್ರದವರು ಕಂಡಿದ್ದರೆ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

ಗಾಜು ಸ್ವಚ್ಛವಾಗಿರಬೇಕು ಎಂದು ಡೈರಿ ಹೇಳಿತ್ತಲ್ಲ. ನಾನು ಚೀಲದಿಂದ ಮೆತ್ತನೆಯ ಬಟ್ಟೆ ತೆಗೆದೆ. ಗಾಜು ಒರೆಸುವ ದ್ರವದ ಬಾಟಲಿಯನ್ನೂ ತಂದಿದ್ದೆ. ಒಂದು ಸಲ ಪಿಸ್ಸ್ ಅನ್ನಿಸುವಷ್ಟರಲ್ಲಿ ಮಾಮಾ ಮತ್ತೆ ಹಾಜರ್.

“ಅಹೋ ತಾಈ, ಔಷಧ ನಕೋ! ಇಧರ್ ಹವಾ ಕಾ ಛೇದ್ ಹೈ. ಜಾನ್‌ವರ್ ಕೋ ತಕಲೀಫ್ ಹೋತಾ ಹೈ.”

ಔಷಧ ಒಳಗೆ ಹೋದರೆ ಪ್ರಾಣಿಗಳಿಗೆ ತೊಂದರೆ ಎಂದು. ಗಾಳಿಗೆಂದು ಬಿಟ್ಟ ತೂತುಗಳು ನನ್ನ ಮೂಗಿನ ಮುಂದೆಯೇ ಇದ್ದವು. ನಾಚಿಕೆಯಾಯಿತು. ಬಾಟಲಿಯನ್ನು ಅವರ ಕೈಗೇ ಒಪ್ಪಿಸಿ, ಒಣಬಟ್ಟೆಯಲ್ಲಿ ಉಜ್ಜತೊಡಗಿದೆ. ಕಪ್ಪು ಬಟ್ಟೆ ತೊಟ್ಟು, ತಲೆಗೆ ಕಪ್ಪು ದುಪಟ್ಟಾ ಬಿಗಿದು, ಗಾಜು ಉಜ್ಜುತ್ತಿರುವ ಹೆಂಗಸನ್ನು ಕಂಡರೆ ಜನ ಏನೆಂದುಕೊಂಡಾರು? ಹಿಂದಿನಿಂದ ಒಂದು ಗಂಡುದನಿ ಬಂತು.

“ಮಾವಶಿ, ಯೇ ಮಗರ್ ವಾಲಾ ಭೀ ಸಾಫ್ ಕರ್ ದೋ ನಾ. ಕುಛ್ ದಿಖ್ತಾ ನಹೀ.”

ನಾನು ಕಸ ಗುಡಿಸುವ ಮಾವಶಿ ಅಲ್ಲ, ವಿಮಾ ಕಚೇರಿಯ ಹಿರಿಯ ಅಧಿಕಾರಿ ಎಂದು ಹೇಳಲು ತಿರುಗಿದೆ. ಆತನ ಹೆಂಡತಿ, ಅತ್ತೆ, ಎರಡು ಮಕ್ಕಳು ಎಲ್ಲರೂ ಮೊಸಳೆಯ ಗಾಜಿನ ಮುಂದೆ ಆಸೆಯಿಂದ ನಿಂತಿದ್ದರು. ಏನು ಹೇಳುವುದು? ಹೋಗಿ ಒರೆಸಿದೆ. ಅಷ್ಟರಲ್ಲಿ ಎದುರು ಸಾಲಿನಿಂದ ಇನ್ನೊಂದು ಕರೆ. ಆಮೇಲೆ ಆಮೆಗಳ ಕಡೆಯಿಂದ. ಒಟ್ಟು ಒಂಬತ್ತು ಗಾಜು ಒರೆಸಿದೆ! ನಮ್ಮ ಮನೆಯ ಕಿಟಕಿಗಳಿಗೆ ಈ ಭಾಗ್ಯ ಬಂದು ಎರಡು ವರ್ಷವಾಗಿತ್ತು. ಮಾಮಾ ದೂರದಿಂದ ನೋಡಿ ಸಂತೋಷಪಟ್ಟು, “ಉದ್ಯಾ ಪಣ್ ಯಾ, ತಾಈ!” ಎಂದರು. ನಾಳೆಯೂ ಬನ್ನಿ ಎಂದು.

ನಮ್ಮವರು ಒಂದು ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ಸಂಬಳ ಎಷ್ಟು ಕೊಡ್ತಾರಂತೆ?” ಎಂದು ಕೇಳಿದರು.

ಅಷ್ಟರಲ್ಲಿ ನನಗೆ ಹಸಿರು ಹಾವಿನ ಕೋಣೆ ಕಂಡಿತ್ತು. ಎಲೆಗಳ ನಡುವೆ ಎಲೆಯೇ ಆಗಿ ಕೂರುವ ಹಾವು. ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ನನ್ನ ಕಣ್ಣಿಗೆ ಬಿತ್ತು! ತೆಳ್ಳಗೆ, ನೀಳವಾಗಿ, ಕೊಂಬೆಗೆ ಸುತ್ತಿಕೊಂಡು, ಎಂಥ ಸ್ಥೈರ್ಯ! ಒಂದು ಕೂದಲಿನಷ್ಟೂ ಅಲ್ಲಾಡುತ್ತಿರಲಿಲ್ಲ. ಕುಳಿತು ತೆಗೆದೆ, ಬಗ್ಗಿ ತೆಗೆದೆ, ಒಂದು ಕಾಲಿನ ಮೇಲೆ ನಿಂತು ತೆಗೆದೆ. ಹತ್ತಿರ ಬಂದ ಇಬ್ಬರು ಕಾಲೇಜು ಹುಡುಗಿಯರಿಗೆ, “ಅಲ್ಲಿ ನೋಡಿ, ಆ ಬಾಗಿದೆಯಲ್ಲ, ಅದು ಕುತ್ತಿಗೆ,” ಎಂದು ಪಾಠವನ್ನೂ ಮಾಡಿದೆ. ಅವರು ಬಾಯಿಬಿಟ್ಟು ನೋಡಿ, ತಾವೂ ಮೊಬೈಲಿನಲ್ಲಿ ತೆಗೆದುಕೊಂಡು, ಧನ್ಯವಾದ ಹೇಳಿ ಹೋದರು. ಮುಕ್ಕಾಲು ಗಂಟೆ, ಅರವತ್ತೇಳು ಫೋಟೋ.

ಮಾಮಾ ನೀರಿನ ಬಕೆಟ್ ಹಿಡಿದು ಆ ಕಡೆ ಬಂದವರು ನಿಂತರು. “ತಾಈ, ಕಾಯ್ ಬಘ್ತಾಯ್?”

ಏನು ನೋಡುತ್ತಿದ್ದೀರಿ ಎಂದು ಕೇಳುವುದೇ? ನಾನು ಹೆಮ್ಮೆಯಿಂದ ಬೆರಳು ತೋರಿಸಿದೆ.

ಮಾಮಾ ಬಗ್ಗಿ ನೋಡಿದರು. ನನ್ನನ್ನು ನೋಡಿದರು. ಬಹಳ ಮೆಲ್ಲಗೆ, ರೋಗಿಯ ಮನೆಯವರಿಗೆ ಡಾಕ್ಟರು ಹೇಳುವಂತೆ ಹೇಳಿದರು. “ವೋ ಬೇಲ್ ಹೈ, ತಾಈ. ಸಾಪ್ ಚಾರ್ ದಿನ್ ಸೇ ಡಾಕ್ಟರ್ ಕೇ ಪಾಸ್ ಹೈ.”

ಬಳ್ಳಿ! ಹಾವು ನಾಲ್ಕು ದಿನದಿಂದ ಡಾಕ್ಟರ ಹತ್ತಿರ! ಬಳ್ಳಿಯ ಕುತ್ತಿಗೆಯನ್ನು ಅರವತ್ತೇಳು ಸಲ ತೆಗೆದಿದ್ದೆ. ಆ ಇಬ್ಬರು ಹುಡುಗಿಯರು ಇವತ್ತಿಗೂ ಅದನ್ನು ಯಾರ್ಯಾರಿಗೆ ತೋರಿಸುತ್ತಿದ್ದಾರೋ, ದೇವರೇ ಬಲ್ಲ.

ಇನ್ನು ಉಳಿದದ್ದು ಹೆಬ್ಬಾವು. ಅದರ ಕೋಣೆಯ ಮುಂದೆ ಕಬ್ಬಿಣದ ಕಂಬಿ ಇದ್ದದ್ದರಿಂದ ಲೆನ್ಸನ್ನು ಗಾಜಿಗೆ ತಾಗಿಸಲು ಆಗುತ್ತಿರಲಿಲ್ಲ. ಗಾಜಿನಲ್ಲಿ ಎದುರಿನ ಕಿಟಕಿ, ಜನ, ಬಲೂನು, ಎಲ್ಲವೂ ಕಾಣುತ್ತಿದ್ದವು, ಹೆಬ್ಬಾವನ್ನು ಬಿಟ್ಟು. ಪರದೆಯನ್ನು ಬಳಸುವ ಕಾಲ ಬಂತು!

ನಮ್ಮವರು ಗೌನು ತೊಟ್ಟು, ನನ್ನ ಹಿಂದೆ ನಿಂತು, ಎರಡೂ ಕೈಗಳನ್ನು ಅಗಲಿಸಿದರು. ದೊಡ್ಡದೊಂದು ಬಾವಲಿ ಬಂದು ನಿಂತಂತಾಯಿತು. ಗಾಜಿನಲ್ಲಿದ್ದ ಬಲೂನು, ಕಿಟಕಿ ಎಲ್ಲ ಮಾಯ! ಒಳಗೆ ಹೆಬ್ಬಾವು ಕೈಯಿಟ್ಟರೆ ಸಿಗುವಷ್ಟು ಸ್ಪಷ್ಟವಾಗಿ ಕಂಡಿತು. ಕೊಂಬೆಯೊಂದರ ಕೆಳಗೆ ಸುರುಳಿ ಸುತ್ತಿಕೊಂಡು, ತಲೆಯನ್ನು ಒಳಗೆಲ್ಲೋ ಬಚ್ಚಿಟ್ಟು ಮಲಗಿತ್ತು.

“ತಲೆ ಎತ್ತುವವರೆಗೆ ಅಲ್ಲಾಡಬೇಡಿ,” ಎಂದೆ.

“ಯಾವಾಗ ಎತ್ತುದು?”

“ಅದಕ್ಕೆ ಇಷ್ಟ ಬಂದಾಗ.”

ಒಂದೂವರೆ ಗಂಟೆ ಕಳೆಯಿತು. ನಾನು ಕಂಬಿಗೆ ಮೊಣಕೈ ಊರಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿ ನಿಂತಿದ್ದೆ. ಬೆನ್ನ ಹಿಂದೆ ಏನೇನೋ ಕೇಳಿಸುತ್ತಿತ್ತು. ವಕೀಲರು ಕೈ ಚಾಚಿ ಕಾಯುತ್ತಿದ್ದಾರೆಂದರೆ ಇಲ್ಲೇನೋ ದೊಡ್ಡದು ನಡೆಯಲಿದೆ ಎಂದು ಜನ ಸೇರಿದರು. ಯಾರೋ ಒಬ್ಬರು ನಮ್ಮವರ ಸಲಹೆ ಕೇಳತೊಡಗಿದರು. ಮೇಲಿನ ಫ್ಲ್ಯಾಟಿನವನ ಬಾತ್‌ರೂಮಿನಿಂದ ಇವರ ಹಾಲಿಗೆ ನೀರು ಸೋರುತ್ತದೆ, ಸೊಸಾಯಿಟಿಯವರು ಕೇಳುವುದಿಲ್ಲ, ಏನು ಮಾಡುವುದು?

ನಾನು ವಕೀಲನಲ್ಲ ಎಂದು ನಮ್ಮವರು ಹೇಳಬಹುದಿತ್ತು. ಆದರೆ ಗೌನಿಗೆ ಅದರದೇ ಒಂದು ಗತ್ತು ಇರಬೇಕು.

“ಲೆಟರ್ ದಿಯಾ ಕ್ಯಾ?” ಎಂದು ಗಂಭೀರವಾಗಿ ಕೇಳಿದರು.

“ದಿಯಾ ಸಾಬ್, ತೀನ್ ಬಾರ್.”

“ಫಿರ್ ಆಪ್ ಕಾ ಕೇಸ್ ಬಹುತ್ ಸ್ಟ್ರಾಂಗ್ ಹೈ.”

“ರೀ, ಸುಮ್ನಿರಿ!” ಎಂದು ನಾನು ತಿರುಗದೆ ಪಿಸುಗುಟ್ಟಿದೆ. “ಹಾವಿಗೆ ತೊಂದರೆಯಾಗುತ್ತೆ.”

“ಹಾವಿಗೆ ಕಿವಿ ಇಲ್ಲ ಮಾರಾಯ್ತಿ. ನಂಗೆ ಹೊಟ್ಟೆ ಉಂಟು.”

ಆ ಮಾತಿನ ಅರ್ಥವನ್ನು ನಾನು ಆಗಲೇ ಗ್ರಹಿಸಬೇಕಿತ್ತು. ಗ್ರಹಿಸಲಿಲ್ಲ. ಯಾಕೆಂದರೆ ಆ ಕ್ಷಣದಲ್ಲೇ ಸುರುಳಿ ಸರಿಯಿತು. ಹೆಬ್ಬಾವು ಮೆಲ್ಲನೆ ತಲೆ ಎತ್ತಿತು. ಎತ್ತಿ, ನೇರವಾಗಿ ನನ್ನತ್ತ ನೋಡಿ, ಸೀಳುನಾಲಗೆಯನ್ನು ಒಮ್ಮೆ ಹೊರಚಾಚಿತು. ಕ್ಲಿಕ್! ಮರುಕ್ಷಣ ತಲೆ ಒಳಗೆ. ಮುಗಿಯಿತು.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಒಂದೊಂದು ಹುರುಪೆಯೂ ಸ್ಪಷ್ಟ. ಕಣ್ಣಿನಲ್ಲಿ ಹೊಳಪು. ನಾಲಗೆ ಹೊರಗೆ. ಸುತ್ತಲೂ ದಟ್ಟ ಕತ್ತಲು. ತಲೆಯ ಮೇಲ್ಗಡೆ, ಕೊಂಬೆಯ ಹತ್ತಿರ, ಹೊಂಬಣ್ಣದ ಒಂದು ದುಂಡನೆಯ ಬೆಳಕು. ಎಲ್ಲಿಂದಲೋ ಕಿಂಡಿಯ ಬಿಸಿಲು ಬಿದ್ದಿರಬೇಕು. ಕಲಾವಿದೆಗೆ ಪ್ರಕೃತಿಯೇ ದೀಪ ಹಿಡಿಯಿತು ಎಂದುಕೊಂಡೆ. ಬಂದ ಆನಂದಕ್ಕೆ ನಮ್ಮವರ ಕೈ ಹಿಡಿದು ಕುಲುಕಿದೆ. ಕೈ ಸ್ವಲ್ಪ ಜಿಡ್ಡಾಗಿತ್ತು. ಬೆವರು ಎಂದುಕೊಂಡೆ.

ಅಂದು ಸಂಜೆಯೇ ಫೋಟೋವನ್ನು ಕುಲಕರ್ಣಿಯವರಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್.

“ಮೇಡಂ! ಏನ್ ಹೊಡದೀರಿ, ಏನ್ ಹೊಡದೀರಿ! ಮ್ಯಾಲ ಹುಣ್ಣಿಮಿ ಚಂದ್ರ ಬ್ಯಾರೆ ಬಂದಾನಲ್ರಿ!”

ಚಂದ್ರ! ನನಗೇ ಹೊಳೆದಿರಲಿಲ್ಲ. ಮತ್ತೆ ನಕ್ಕೆ. ಎರಡನೆಯ ಸಲದ ನಗು ದಾಯಾದಿಯೂ ಅಲ್ಲ, ಸುಳ್ಳಿನ ಸ್ವಂತ ತಮ್ಮ.

“ಹೆಸರು ನಾನ ಇಡ್ತೀನ್ರಿ. ‘ಬೆಳದಿಂಗಳಲ್ಲಿ ಹೆಬ್ಬಾವು’. ಮತ್ತ ಉದ್ಘಾಟನಾದಾಗ ನೀವು ಎರಡು ಮಾತು ಆಡಬೇಕು, ಆ ಕಾಡಿನ ಅನುಭವ. ಫಾರೆಸ್ಟ್ ಡಿಪಾರ್ಟ್‌ಮೆಂಟಿನ ರಿಟೈರ್ಡ್ ಸಾಹೇಬ್ರು ಬರ್ಲಿಕ್ಕತ್ತಾರ.”

ಅಲ್ಲಿಂದ ಹತ್ತು ದಿನ ನನಗೆ ಅನ್ನ ಸೇರಲಿಲ್ಲ. ಪ್ರತಿದಿನ ಫೋನ್ ಮಾಡಿ ನಿಜ ಹೇಳಿಬಿಡಬೇಕು ಎಂದುಕೊಳ್ಳುವುದು, ಅವರ ಉತ್ಸಾಹ ಕೇಳಿ ಸುಮ್ಮನಾಗುವುದು. ‘ಕಾಡು ಎಂದು ನಾನೆಲ್ಲಿ ಹೇಳಿದೆ? ಅವರೇ ಹೇಳಿದ್ದು’ ಎಂದು ಅಡುಗೆಮನೆಯಲ್ಲಿ ನನ್ನ ಪರವಾಗಿ ನಾನೇ ವಾದಿಸುತ್ತಿದ್ದೆ. ಗೌನನ್ನು ಇಸ್ತ್ರಿ ಮಾಡಿಸಿ ಸಾವಂತರಿಗೆ ಹಿಂದಿರುಗಿಸಿಯಾಗಿತ್ತು. ವಾದದಲ್ಲಿ ಬಲ ಇರಲಿಲ್ಲ.

ಪ್ರದರ್ಶನದ ದಿನ ಹಾಲಿನ ಬಾಗಿಲು ದಾಟಿದೆ. ಎದುರಿಗೇ ಆಳೆತ್ತರದ ನನ್ನ ಹೆಬ್ಬಾವು! ಎರಡು ದೊಡ್ಡ ದೀಪಗಳ ಬೆಳಕು, ಮುಂದೆ ಜನ. ಒಂದು ನಿಮಿಷ ಎದೆ ತುಂಬಿ ಬಂತು. ಆಮೇಲೆ ಚಂದ್ರನನ್ನು ನೋಡಿದೆ.

ಚಂದ್ರ ಪೂರ್ತಿ ದುಂಡಗಿರಲಿಲ್ಲ. ಒಂದು ಬದಿಯಲ್ಲಿ ಅರ್ಧಚಂದ್ರಾಕಾರದ ತುಂಡು ಮಾಯವಾಗಿತ್ತು. ಆ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುರುತುಗಳು. ಹಲ್ಲಿನಂಥ ಗುರುತುಗಳು. ಒಳಗೆ ಹಳದಿ, ಸುತ್ತ ಮೆತ್ತಗಿನ ಬಿಳುಪು. ಚಂದ್ರನ ಕೆಳಗೆ ಹಸಿರಾಗಿ, ಬಾಲವಿರುವ ಒಂದು ನಕ್ಷತ್ರ.

“ರೀ,” ಎಂದೆ. ಚಂದ್ರನತ್ತ ಬೆರಳು ಮಾಡಿದೆ. “ಅದೇನ್ರೀ?”

ನಮ್ಮವರು ಫೋಟೋ ನೋಡಿದರು. ಮತ್ತೆ ನೆಲ ನೋಡಿದರು.

“ಸ್ಟೇಷನ್ ಹತ್ರ ತೆಗೊಂಡದ್ದು,” ಎಂದರು. “ಪ್ಯಾಂಟಿನ ಕಿಸೆಯಲ್ಲಿತ್ತು. ಒಂದೂವರೆ ಗಂಟೆ ಆಯ್ತಲ್ಲ ಮಾರಾಯ್ತಿ... ಒಂದೇ ಒಂದು ಕಚ್ಚಿದ್ದು. ಅಷ್ಟರಲ್ಲಿ ನಿನ್ನ ಹಾವು ತಲೆ ಎತ್ತಿತು. ಕೈ ಅಗಲಿಸ್ಬೇಕಲ್ಲ? ಅಗಲಿಸಿದೆ.”

ವಡಾ ಪಾವ್! ಜೊತೆಗೆ ಹಸಿಮೆಣಸಿನಕಾಯಿ! ಕಪ್ಪು ಗೌನು ತನ್ನ ಕೆಲಸವನ್ನು ಪರಿಪೂರ್ಣವಾಗಿ ಮಾಡಿತ್ತು. ನನ್ನನ್ನು ಅಳಿಸಿತ್ತು, ನಮ್ಮವರನ್ನು ಅಳಿಸಿತ್ತು, ಓಣಿಯನ್ನೇ ಅಳಿಸಿತ್ತು. ತೋಳಿನ ತುದಿಯಲ್ಲಿದ್ದ ವಡಾ ಪಾವಿನ ಬಿಂಬ ಒಂದನ್ನೇ ಗಾಜಿನ ಮೇಲೆ ಬಿಟ್ಟಿತ್ತು.

ಓಡಿಹೋಗೋಣ ಎನ್ನುವಷ್ಟರಲ್ಲಿ ಕುಲಕರ್ಣಿಯವರು ಮೈಕ್ ಹಿಡಿದೇ ಬಿಟ್ಟರು. “ನಮ್ಮ ಸಂಘದ ಧೈರ್ಯವಂತ ಹೆಣ್ಣುಮಗಳು! ದಟ್ಟ ಅಡವಿಯೊಳಗ, ಹುಣ್ಣಿಮಿ ರಾತ್ರಿ...” ಚಪ್ಪಾಳೆ. ನನ್ನನ್ನು ಮುಂದೆ ತಂದು ನಿಲ್ಲಿಸಿ ಮೈಕ್ ಕೈಗಿಟ್ಟರು. ಅರಣ್ಯ ಇಲಾಖೆಯ ನಿವೃತ್ತ ಅಧಿಕಾರಿಗಳು ಕನ್ನಡಕ ಏರಿಸಿ ಫೋಟೋದ ಹತ್ತಿರ ಹೋದರು.

“ಹಾವು ಬಹಳ ಚೆನ್ನಾಗಿ ಬಂದಿದೆಯಮ್ಮ,” ಎಂದರು. “ಆದರೆ ಚಂದ್ರ ಕೊಂಬೆಯ ಹಿಂದೆ ಇರಬೇಕಲ್ಲ? ಇಲ್ಲಿ ಕೊಂಬೆಯ ಮುಂದೆ ಬಂದಿದ್ದಾನೆ.”

ಜನ ಹತ್ತಿರ ಸರಿದರು.

“ಮತ್ತೆ ಒಂದು ಕಡೆ ತಿಂದ ಹಾಗೆ ಇದೆಯಲ್ಲ,” ಎಂದರು ಯಾರೋ.

“ಗ್ರಹಣ ಇರಬೇಕು,” ಎಂದರು ಇನ್ನೊಬ್ಬರು.

ಮುಂದಿನ ಕುರ್ಚಿಯಲ್ಲಿ ನಮ್ಮ ಸಂಘದ ಅತಿ ಹಿರಿಯ ಸದಸ್ಯೆ ಪದ್ಮಾವತಿ ಅಜ್ಜಿ ಕುಳಿತಿದ್ದರು. ಗ್ರಹಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೋಲು ಊರಿ ಎದ್ದು ನಿಂತರು.

“ಹಾವು, ಗ್ರಹಣ, ಎರಡೂ ಒಟ್ಟಿಗೆ! ಸಾಕ್ಷಾತ್ ರಾಹು ಕಣ್ರಪ್ಪಾ!” ಎಂದು ಚಪ್ಪಲಿ ಬಿಚ್ಚಿ, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದರು. ಪಕ್ಕದಲ್ಲಿದ್ದ ಇನ್ನಿಬ್ಬರೂ ಜೋಡಿಸಿದರು.

ಇಷ್ಟು ಹೊತ್ತು ನಾನು ತಡೆದುಕೊಂಡಿದ್ದೆ. ಅಧಿಕಾರಿಗಳಿಗೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತೋ ಏನೋ. ಆದರೆ ಎಂಬತ್ತು ದಾಟಿದ ಅಜ್ಜಿ ಬರಿಗಾಲಲ್ಲಿ ನಿಂತು ನಮ್ಮವರ ಎಂಜಲು ವಡಾ ಪಾವಿಗೆ ಕೈಮುಗಿಯುವುದನ್ನು ನೋಡುತ್ತ ನಿಲ್ಲುವಷ್ಟು ಗಟ್ಟಿ ಎದೆ ನನ್ನದಲ್ಲ.

“ಅಜ್ಜೀ, ಬೇಡಿ!” ಎಂದು ಮೈಕಿನಲ್ಲೇ ಕೂಗಿದೆ. “ಅದು ಚಂದ್ರ ಅಲ್ಲ. ವಡಾ ಪಾವ್!”

ಮೈಕ್ ಕೈಯಲ್ಲೇ ಇತ್ತು, ಉಳಿದದ್ದನ್ನೂ ಹೇಳಿಬಿಟ್ಟೆ.

“ಹಾವು ಕಾಡಿನದಲ್ಲ. ಕಲ್ಯಾಣದ ಆಚೆ ಮೃಗಾಲಯದ್ದು. ನಾನು ಕಾಡಿಗೆ ಹೋಗಿಲ್ಲ, ಹೋಗಿದ್ದೀನಿ ಅಂತ ನೀವು ಅಂದುಕೊಂಡಾಗ ಅಲ್ಲ ಅನ್ನಲೂ ಇಲ್ಲ. ತಪ್ಪು ನನ್ನದೇ. ವಡಾ ಪಾವ್ ನಮ್ಮವರದು. ಗಾಜಿನಲ್ಲಿ ಬಿದ್ದಿದೆ.”

ನಮ್ಮವರು ಎರಡನೇ ಸಾಲಿನಲ್ಲಿ ಎದ್ದು ನಿಂತರು. ಹೆಂಡತಿಯ ಕಷ್ಟಕಾಲದಲ್ಲಿ ಕೈಬಿಡುವವರಲ್ಲ. “ಕಚ್ಚಿದ್ದು ನಾನು,” ಎಂದು ಸಭೆಗೆ ಸ್ಪಷ್ಟಪಡಿಸಿದರು. “ಹಸಿವಾಗಿತ್ತು.”

ಮೊದಲು ನಕ್ಕದ್ದು ಅರಣ್ಯಾಧಿಕಾರಿಗಳು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ಇಡೀ ಹಾಲು. ಪದ್ಮಾವತಿ ಅಜ್ಜಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಹೋಗ್ಲಿ ಬಿಡೇ, ಅನ್ನ ದೇವ್ರು. ಕೈಮುಗಿದ್ರೆ ತಪ್ಪೇನಿಲ್ಲ,” ಎಂದರು. ಕುಲಕರ್ಣಿಯವರು ಮಾತ್ರ ತಲೆಯ ಮೇಲೆ ಕೈಹೊತ್ತು, “ಬಾಗಲದಾಗ ಹಾಕೇನಲ್ರಿ ಮೇಡಂ! ಆಳೆತ್ತರ!” ಎನ್ನುತ್ತಿದ್ದರು. ಆಮೇಲೆ ನೋಡಿದರೆ ಇಡೀ ಪ್ರದರ್ಶನದ ಜನವೆಲ್ಲ ಆ ಫೋಟೋದ ಮುಂದೆಯೇ ನೆರೆದಿತ್ತು. ಒಬ್ಬೊಬ್ಬರಾಗಿ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ತೆಗೆಸಿಕೊಳ್ಳುತ್ತಿದ್ದರು. ಕುಲಕರ್ಣಿಯವರೂ ಬಂದು ನಿಂತರು, ಬಾಯಿ ತೆರೆದು, ವಡಾ ಪಾವನ್ನು ಕಚ್ಚುವ ಭಂಗಿಯಲ್ಲಿ. ತೆಗೆದದ್ದು ನಾನೇ. ಚೆನ್ನಾಗಿ ಬಂತು. ಮಧ್ಯೆ ಗಾಜಿರಲಿಲ್ಲ.

ಪ್ರದರ್ಶನದ ಕೊನೆಯ ದಿನ ಪಕ್ಕದ ಬೀದಿಯಲ್ಲಿ ತಿಂಡಿ ಅಂಗಡಿ ಇಟ್ಟಿರುವ ಕರಾವಳಿಯ ಒಬ್ಬರು ಬಂದರು. ಫೋಟೋದ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತರು. “ಅಕ್ಕ, ಇದು ನಂಗೆ ಕೊಡ್ತೀರಾ? ಅಂಗಡಿಯಲ್ಲಿ ಹಾಕ್ತೇನೆ. ಇಷ್ಟು ಲಾಯ್ಕದ ಫೋಟೋ ನಾನು ನೋಡ್ಲೇ ಇಲ್ಲ.”

ನನ್ನ ಕಲೆಯನ್ನು ಮೆಚ್ಚಿ ಕೇಳಿದ ಮೊದಲ ರಸಿಕ! ಹಿಂದುಮುಂದು ನೋಡದೆ ಕೊಟ್ಟುಬಿಟ್ಟೆ. ಮನೆಗೆ ಹೋಗುವ ದಾರಿಯುದ್ದಕ್ಕೂ ನಮ್ಮವರಿಗೆ ಹೇಳಿದೆ, ನಿಜವಾದ ಕಲೆಗೆ ಯಾವತ್ತಿದ್ದರೂ ಬೆಲೆ ಇದ್ದೇ ಇದೆ ಎಂದು.

ವಾರ ಬಿಟ್ಟು ಇಬ್ಬರೂ ನೋಡಲು ಹೋದೆವು. ಅಂಗಡಿಯ ಮುಂದೆ ನೂಕುನುಗ್ಗಲು. ಎಣ್ಣೆ ಬಾಣಲೆಯ ಮೇಲ್ಗಡೆ, ಚಂದದ ಚೌಕಟ್ಟಿನೊಳಗೆ, ದೀಪ ಹಾಕಿ ತೂಗುಹಾಕಿದ್ದರು. ಕಡುಗಪ್ಪು ಹಿನ್ನೆಲೆಯಲ್ಲಿ ಬಂಗಾರದಂತೆ ಹೊಳೆಯುವ ವಡೆ. ಕಚ್ಚಿದ ಜಾಗದಲ್ಲಿ ಹಳದಿ ಬಟಾಟೆ. ಕೆಳಗೆ ಹಸಿಮೆಣಸಿನಕಾಯಿ. ಅಷ್ಟೇ.

“ಹಾವು ಎಲ್ಲಿ?” ಎಂದೆ.

“ಅದನ್ನು ಕತ್ತರಿಸಿದೆ ಅಕ್ಕ,” ಎಂದರು ಅವರು, ವಡೆ ತಿರುವುತ್ತ. “ತಿನ್ನುವ ಜಾಗದಲ್ಲಿ ಹಾವು ಇದ್ರೆ ಗಿರಾಕಿ ಬರುದಿಲ್ಲ ಅಲ್ವಾ?”

ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ಫೋಟೋ ನೋಡಿ, ಯಾರು ತೆಗೆದದ್ದು, ಬಹಳ ಚೆನ್ನಾಗಿದೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಎದೆಯುಬ್ಬಿಸಿ ಮುಂದೆ ಬಂದರು.

“ಫೋಟೋ ಹಿಡಿದದ್ದು ಇವಳು. ವಡೆ ಹಿಡಿದದ್ದು ನಾನು!”

ಗಿರಾಕಿ ಕೈಕುಲುಕಿದ್ದು ನಮ್ಮವರದು. ನಾನು ಅಲ್ಲೇ ನಿಂತು ಇನ್ನೊಮ್ಮೆ ತಲೆಯೆತ್ತಿ ನೋಡಿದೆ. ಇಷ್ಟೆಲ್ಲ ಪಾಡುಪಟ್ಟು ನಾನು ತೆಗೆದ ಏಕೈಕ ವನ್ಯಜೀವಿ ಚಿತ್ರ. ಅದರಲ್ಲಿ ಈಗ ವನ್ಯವೂ ಇಲ್ಲ, ಜೀವಿಯೂ ಇಲ್ಲ.